ಹದವಾಗಿದೆ ಅಂದರು ಅತ್ತೆ

ಜನವರಿ 11, ಭಾನುವಾರ

ಟೊಮೇಟೊ ಸಾಸ್, ಮೂರನೇ ಪ್ರಯತ್ನ. ಈ ಸಲ ತಳ ಹಿಡಿಯಲಿಲ್ಲ. ಬೆಳಗಿನಿಂದ ಒಲೆಯ ಮುಂದೆ ನಿಂತು ಸೊಂಟ ಹಿಡಿದುಕೊಂಡಿದೆ, ಅದು ಬೇರೆ ವಿಷಯ. ಗೋಡೆಯ ಮೇಲೆ ಕೆಂಪು ಹನಿ, ಸ್ವಿಚ್ ಬೋರ್ಡಿನ ಮೇಲೂ ಕೆಂಪು ಹನಿ. ಇವರು ಎದ್ದು ಬರುವ ಮುಂಚೆ ಒರೆಸಿದೆ. ಗಂಡನಾದವನಿಗೆ ಎಲ್ಲವೂ ಗೊತ್ತಿರಬೇಕಾಗಿಲ್ಲ.

ಈ ವರ್ಷ ಅಂಗಡಿಯ ಬಾಟಲಿ ಈ ಮನೆಯ ಹೊಸಿಲು ದಾಟಕೂಡದು — ನನ್ನ ತೀರ್ಮಾನ. ಬೆಣ್ಣೆ ಆಯಿತು. ಸಾಸಿವೆ ಪೇಸ್ಟ್ ಆಯಿತು. ಸೇಬಿನ ಸಿಪ್ಪೆಯ ವಿನೆಗರ್ ಕಪಾಟಿನ ಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದೆ. ಸೋಪೂ ಆಯಿತು, ಆದರೆ ಅದರಲ್ಲಿ ಮೈ ಉಜ್ಜುವುದಕ್ಕಿಂತ ಗೋಡೆ ಕಟ್ಟುವುದು ಸುಲಭ. ಹಲ್ಲುಪುಡಿಗೆ ಮಾತ್ರ ಇವರು ಸೊಪ್ಪು ಹಾಕಲಿಲ್ಲ. "ನನ್ನ ಹಲ್ಲು ನನಗೆ ಬೇಕು ಕಣೇ" ಅಂದರು.

ಯಾಕೆ ಇದೆಲ್ಲ ಅಂತ ಎಲ್ಲರೂ ಕೇಳುತ್ತಾರೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನನ್ನ ಕೆಲಸ ಏನು? ಯಾರೋ ಮಾಡಿದ ಗಾಜನ್ನು ಯಾರೋ ಮಾಡಿದ ಫ್ರೇಮಿಗೆ ಕೂರಿಸುವುದು. ಮನೆಗೆ ಬಂದ ಮೇಲಾದರೂ ಮೊದಲಿನಿಂದ ಕೊನೆಯವರೆಗೆ ಇದು ನಂದು ಅನ್ನುವಂಥದ್ದು ಒಂದು ಬೇಡವಾ?

ಆದರೆ ಇವತ್ತು ಬರೆಯಲು ಕೂತದ್ದು ಅದಕ್ಕಲ್ಲ. ಅತ್ತೆ ಬ್ರೆಡ್ಡಿಗೆ ಸಾಸ್ ಹಚ್ಚಿಕೊಂಡರು. ತಿಂದರು. ನನ್ನ ಮುಖ ನೋಡಿದರು. ಆಮೇಲೆ —

"ಹದವಾಗಿದೆ" ಅಂದರು.

ಇದು ಯಾರ ಬಾಯಿಂದ ಬಂತು ಅನ್ನುವುದು ಮುಖ್ಯ. ಬಸ್ ಡಿಪೋದ ಕ್ಯಾಂಟೀನನ್ನು ಒಂದೇ ಕೈಯಲ್ಲಿ ನಡೆಸಿದ ಹೆಂಗಸು ನಮ್ಮತ್ತೆ. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರಿಗೂ ಅವರು ಚೀಫಮ್ಮ. ರಿಟೈರ್ ಆಗಿ ನಮ್ಮ ಜೊತೆ ಇದ್ದಾರೆ. ನಾನು ಮದುವೆಯಾಗಿ ಬಂದ ದಿನದಿಂದ ಇವತ್ತಿನವರೆಗೆ ನನ್ನ ಅಡುಗೆಗೆ ಅವರು ಕೊಟ್ಟ ಅತಿ ದೊಡ್ಡ ಬಿರುದು "ತಿನ್ನಬಹುದು". ಅದೂ ಅವರಿಗೆ ಜ್ವರ ಬಂದಾಗ.

ಹದವಾಗಿದೆ! ಇನ್ನೊಂದು ಸಲ ಕೇಳಿದೆ, ಕಿವಿ ಕೇಳಿಸದವಳ ಹಾಗೆ. ಇನ್ನೊಂದು ಸಲ ಅಂದರು. ನನಗೆ ಎರಡು ಕೋಡು.

ಜನವರಿ 13, ಮಂಗಳವಾರ

ಅಂಗಡಿಗೆ ಒಂದು ಬಾಟಲಿ ಒಯ್ದೆ. ಕಣ್ಣು ಪರೀಕ್ಷಿಸುವ ಡಾಕ್ಟರು ಬನ್ನಿಗೆ ಹಚ್ಚಿಕೊಂಡು ತಿಂದು ತಲೆಯಾಡಿಸಿದರು. ತಲೆಯಾಡಿಸಿದರೆ ಸಾಕೇ? "ಚೀಫಮ್ಮ ಒಪ್ಪಿದ ಸಾಸು ಸಾರ್ ಇದು" ಅಂದೆ. ಚೀಫಮ್ಮ ಯಾರು ಅಂತ ಕೇಳಿದರು. ಹೇಳಿದೆ. ಇಬ್ಬರು ಗಿರಾಕಿಗಳೂ ಕಾದು ನಿಂತು ಕೇಳಿಸಿಕೊಂಡರು, ಪಾಪ.

ಸಂಜೆ ಲೇಬಲ್ ಬರೆದೆ. ಚಿಕ್ಕ ಅಕ್ಷರ ಬರೆಯುವುದು ನನಗೆ ಹೇಳಿಕೊಡಬೇಕಾಗಿಲ್ಲ. 'ಟೊಮೇಟೊ ಸಾಸ್. ಚೀಫಮ್ಮ ಒಪ್ಪಿದ್ದು.' ಎಲ್ಲ ಬಾಟಲಿಗೂ ಅಂಟಿಸಿದೆ. ಮೇಲಿನ ಮನೆ ಟೀಚರಿಗೆ ಒಂದು, ಎದುರು ಬಾಗಿಲಿನ ದರ್ಜಿಗೆ ಒಂದು.

ಅತ್ತೆ ಲೇಬಲ್ ಓದಿದರು. ಬಾಟಲಿ ತಿರುಗಿಸಿ ಇಟ್ಟರು, ಬರಹ ಗೋಡೆ ಕಡೆಗೆ. ನಾಚಿಕೆ ಇರಬೇಕು.

ಜನವರಿ 25, ಭಾನುವಾರ

ವಿನೆಗರ್ ಬಂತು! ಬಟ್ಟೆ ಬಿಚ್ಚಿದರೆ ಮೂಗಿಗೆ ಹೊಡೆಯುವ ಘಾಟು. ಸೋಸಿದೆ. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಅತ್ತೆಗೆ ಚಮಚದಲ್ಲಿ ಕೊಟ್ಟೆ. "ಹದವಾಗಿದೆ." ಸಾಸಿವೆ ಪೇಸ್ಟ್ ಕೊಟ್ಟೆ. ಕಣ್ಣಲ್ಲಿ ನೀರು ಬಂತು ಅವರಿಗೆ, ಆದರೂ "ಹದವಾಗಿದೆ". ಮೊಟ್ಟೆಯ ಮೇಯೊನೇಸ್ ಕೊಟ್ಟೆ. ಅದೇ. ಮೂರಕ್ಕೆ ಮೂರು. ಇವರು ಪೇಪರಿನ ಹಿಂದಿನಿಂದ, "ಅಮ್ಮ, ನನ್ನ ಇಷ್ಟು ವರ್ಷದ ಊಟದಲ್ಲಿ ನೀನು ಇಷ್ಟು ಹೊಗಳಿದ್ದು ನಾನು ಕೇಳಿಲ್ಲ" ಅಂದರು. ಹೊಟ್ಟೆಕಿಚ್ಚು.

ಅತ್ತೆಯ ಕೆಲಸದ ರೀತಿ ನೋಡಿ ಕಲಿಯಬೇಕು. ಉಪ್ಪುನೀರು ಸಾಕಾಯಿತಾ ಅಂತ ನೋಡಲು ಹಸಿ ಮೊಟ್ಟೆಯನ್ನು ಅದರಲ್ಲಿ ಬಿಡುತ್ತಾರೆ, ತೇಲಿದರೆ ಸಾಕು. ಸಾಸನ್ನು ತಣ್ಣನೆಯ ತಟ್ಟೆಗೆ ಒಂದು ಹನಿ ಹಾಕಿ ಓರೆ ಮಾಡುತ್ತಾರೆ, ಸುತ್ತ ನೀರು ಬಿಡದಿದ್ದರೆ ಒಲೆ ಆರಿಸು ಅನ್ನುತ್ತಾರೆ. ಗುಳ್ಳೆಯ ಸದ್ದು ಕೇಳಿಯೇ ಉರಿ ಹೇಳುತ್ತಾರೆ. ಮುಂಚೆ ಎಲ್ಲದಕ್ಕೂ ಬೆರಳು ಅದ್ದಿ ನೆಕ್ಕುತ್ತಿದ್ದವರು ಈಗ ಬೆರಳೇ ಅದ್ದುವುದಿಲ್ಲ. ಕೈ ಪಳಗಿದರೆ ಹೀಗಿರಬೇಕು. ನಾಲಿಗೆಯೇ ಬೇಡ!

ಮಧ್ಯಾಹ್ನ ಹಾಲು ಸೀದು ಹೋಯಿತು. ಅತ್ತೆ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಬಾತ್‌ರೂಮಿನಿಂದ ಓಡಿ ಬಂದೆ. "ಯೋಚನೆ ಎಲ್ಲೋ ಇತ್ತು" ಅಂದರು. ವಯಸ್ಸು.

ಫೆಬ್ರವರಿ 1, ಭಾನುವಾರ

ಬೆಳಗ್ಗೆ ಹೊಸ ಸಾಸ್. ಇವರ ಉಪಕಾರ ನೋಡಿ — ನಾನು ಉಪ್ಪು ಹಾಕಿ ಬಾಗಿಲು ತೆಗೆಯಲು ಹೋದೆ, ಬಂದಿದ್ದು ಮೇಲಿನ ಮನೆ ಟೀಚರ್. ಅಷ್ಟರಲ್ಲಿ ಇವರು, "ನೀನು ಮರೆತಿರ್ತೀಯ ಅಂತ" ಇನ್ನೊಂದು ಹಿಡಿ ಉಪ್ಪು ಹಾಕಿದ್ದಾರೆ. ಹೇಳಲೂ ಇಲ್ಲ. ಮಾಡಿದ ಸೇವೆ ಹೇಳಿಕೊಳ್ಳಬಾರದಂತೆ.

ಎಲ್ಲರೂ ಮೇಜಿಗೆ ಕೂತೆವು. ಟೀಚರ್ ಒಂದು ತುತ್ತು ಬಾಯಿಗಿಟ್ಟರು, ಮುಖ ಇಂಗು ತಿಂದ ಮಂಗನ ಹಾಗಾಯಿತು, ಎದ್ದು ಸಿಂಕಿಗೆ ಓಡಿದರು. ಇವರು ಉಗುಳಿದರು. ನಾನು ನಾಲಿಗೆಯ ತುದಿಗೆ ತಾಗಿಸಿದೆ ಅಷ್ಟೆ. ಬಾಯಿ ಸುಟ್ಟ ಹಾಗಾಯಿತು.

ಅತ್ತೆ ಆ ಕಡೆ ಕೂತು ನಿಧಾನವಾಗಿ ತಿನ್ನುತ್ತಿದ್ದರು. ಅರ್ಧ ಬ್ರೆಡ್ ಮುಗಿದಿತ್ತು. ನಮ್ಮ ಗಲಾಟೆ ಏನು ಅಂತ ತಿಳಿಯದೆ ತಲೆಯೆತ್ತಿ, "ಹದವಾಗಿದೆಯಲ್ಲ" ಅಂದರು.

ಅವರು ಒಬ್ಬೊಬ್ಬರ ಮುಖ ನೋಡುತ್ತಾ ಬಂದರು. ಬ್ರೆಡ್ ತಟ್ಟೆಗೆ ಇಳಿಯಿತು.

"ನನಗೆ ಉಪ್ಪು ಸ್ವಲ್ಪ ಮುಂದಿದ್ರೇ ಇಷ್ಟ" ಅಂದು ಎದ್ದು ಹೋದರು.

ಇವರು ನಕ್ಕರು. ಟೀಚರೂ ನಕ್ಕರು. ನಾನು ಅತ್ತೆ ಬಿಟ್ಟುಹೋದ ಅರ್ಧ ಬ್ರೆಡ್ಡನ್ನೇ ನೋಡುತ್ತಾ ಕೂತೆ.

ಫೆಬ್ರವರಿ 2, ಸೋಮವಾರ, ಬೆಳಗ್ಗೆ 6

ಇವರು ಎದ್ದಿಲ್ಲ. ಅತ್ತೆ ಅಡುಗೆಮನೆಯಲ್ಲಿದ್ದರು. ಬಾಗಿಲು ಹಾಕಿಕೊಂಡು ನೇರವಾಗಿ ಕೇಳಿದೆ.

"ಯಾವಾಗಿನಿಂದ?"

ಬಹಳ ಹೊತ್ತು ಪಾತ್ರೆ ಉಜ್ಜಿದರು. ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದರು.

"ವರ್ಷದ ಕೊನೇಲಿ ನೆಗಡಿ ಬಂತಲ್ಲ. ನೆಗಡಿ ಹೋಯ್ತು, ಇದನ್ನೂ ಜೊತೇಲಿ ಕರ್ಕೊಂಡು ಹೋಯ್ತು. ಸಾಸಿವೆ ಹಾಕಿದ್ರೆ ಕಣ್ಣು ಉರಿಯುತ್ತೆ. ಅಷ್ಟೇ. ಉಪ್ಪಿಲ್ಲ, ಹುಳಿ ಇಲ್ಲ, ವಾಸನೆ ಇಲ್ಲ. ಹತ್ತಿ ತಿಂದ ಹಾಗೆ."

ನನಗೆ ಮೊದಲು ಬಂದದ್ದು ಕನಿಕರವಲ್ಲ. ಇಲ್ಲಿ ಯಾರೂ ಓದುವುದಿಲ್ಲ, ನಿಜ ಬರೆಯುತ್ತೇನೆ. ಸಿಟ್ಟು ಬಂತು. ನನ್ನ ಎಲ್ಲ ಹದವೂ ಸುಳ್ಳು. ವಿನೆಗರ್, ಸಾಸಿವೆ, ಮೂರಕ್ಕೆ ಮೂರು — ಎಲ್ಲ ಸುಳ್ಳು. ಬೀದಿಯಲ್ಲೆಲ್ಲ ಲೇಬಲ್ ಅಂಟಿಸಿಕೊಂಡು ಬೀಗಿದ್ದೇನೆ!

"ಹಾಗಾದ್ರೆ ಹದವಾಗಿದೆ, ಹದವಾಗಿದೆ ಅಂತ ಹೇಗೆ ಹೇಳಿದ್ರಿ?"

"ನಿನ್ನ ಮುಖ ನೋಡಿ. ನೀನು ಕೊಡೋಕೆ ಮುಂಚೆ ತಿಂದು ನೋಡಿರ್ತೀಯಲ್ಲ. ಮುಖ ಅರಳಿದ್ರೆ ಹದ ಬಂದಿದೆ ಅಂತ ಅಂದ್ಕೊಂಡೆ. ನಿನ್ನೆ ನೀನು ತಿಂದು ನೋಡಿರ್ಲಿಲ್ಲ. ನನಗೆ ಹೇಗೆ ಗೊತ್ತಾಗ್ಬೇಕು?"

"ನಮಗೆ ಹೇಳ್ಬಹುದಿತ್ತು."

ಆಗ ನನ್ನ ಕಡೆ ತಿರುಗಿದರು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಂತ ಹೇಳ್ಲಿ? ಚೀಫಮ್ಮ ಬಾಯಿಗೆ ಹಾಕಿ ಹೂಂ ಅನ್ನೋವರೆಗೆ ಡಿಪೋದಲ್ಲಿ ಒಂದು ತಟ್ಟೆ ಆಚೆ ಹೋಗ್ತಿರ್ಲಿಲ್ಲ. ಆ ನಾಲಿಗೆ ಹೋದ್ಮೇಲೆ ಉಳಿಯೋದೇನು? ಸುಮ್ನೆ ಒಬ್ಬ ಮುದುಕಿ. ಮೂಲೇಲಿ ಕೂತ್ಕೊಂಡು ಬೆಳ್ಳುಳ್ಳಿ ಸುಲಿಯೋಕೆ."

ಸಿಟ್ಟು ಎಲ್ಲಿ ಹೋಯಿತೋ. ಟವೆಲ್ ಕೊಟ್ಟೆ. ಮಗನಿಗೆ ಹೇಳಬೇಡ ಅಂದರು. ಹೇಳುವುದಿಲ್ಲ ಅಂದೆ.

ಫೆಬ್ರವರಿ 8, ಭಾನುವಾರ

ನಿನ್ನೆ ಕಿವಿ-ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇವರಿಗೆ ಬಟ್ಟೆ ಅಂಗಡಿಗೆ ಅಂತ ಹೇಳಿದೆವು. ನರ ಸೋತಿದೆಯಂತೆ. ಬರಬಹುದು, ಬರದೆಯೂ ಇರಬಹುದು. ಅತ್ತೆ ಬಸ್‌ಸ್ಟಾಪಿನಲ್ಲಿ, "ನಮ್ಮ ಹಳೇ ಬಸ್ಸುಗಳ ಬಗ್ಗೆ ಮೆಕ್ಯಾನಿಕ್ ಹೀಗೇ ಹೇಳ್ತಿದ್ದ" ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ನಕ್ಕ ಮೇಲೆ ನಕ್ಕೆ.

ಮನೆಗೆ ಬಂದು ನನ್ನ ಮೊದಲ ಬಾಟಲಿ ತೆಗೆದೆ. ಯಾರ ಮುಖವನ್ನೂ ನೋಡದೆ, ಯಾರ ಮಾತಿಗೂ ಕಾಯದೆ, ಒಂದು ಚಮಚ ಬಾಯಿಗಿಟ್ಟೆ. ಹುಳಿ ಸಾಲದು. ಮೊದಲಿನಿಂದಲೂ ಸಾಲದಾಗಿತ್ತು. ಅತ್ತೆ ಏನನ್ನುತ್ತಾರೋ ಅನ್ನುವ ಗಡಿಬಿಡಿಯಲ್ಲಿ ನಾನು ಸರಿಯಾಗಿ ರುಚಿಯನ್ನೇ ನೋಡಿರಲಿಲ್ಲ. ಮುಖ ಮಾತ್ರ ಅರಳಿಸಿಕೊಂಡು ನಿಂತಿದ್ದೆ!

ಅತ್ತೆಗೆ ಹೇಳಿದೆ. ಸಿಟ್ಟಾಗಲಿಲ್ಲ, ಕಣ್ಣು ಹೊಳೆಯಿತು. "ಕೂತ್ಕೋ" ಅಂದರು.

ಫೆಬ್ರವರಿ 15, ಭಾನುವಾರ

ಪಾಠ ನಡೆದಿದೆ. ಮೇಜಿನ ಮೇಲೆ ಸಾಲಾಗಿ ಲೋಟ. ಎಲ್ಲದರಲ್ಲೂ ಉಪ್ಪುನೀರು, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು. ಲೋಟಗಳನ್ನು ಅದಲುಬದಲು ಮಾಡಿಟ್ಟು, ಕ್ರಮವಾಗಿ ಜೋಡಿಸು ಅನ್ನುತ್ತಾರೆ. ತಪ್ಪಿದರೆ ಮತ್ತೆ ಮೊದಲಿನಿಂದ. ತಮಗೆ ರುಚಿ ತಿಳಿಯದು, ಆದ್ದರಿಂದ ಲೋಟದ ಅಡಿಗೆ ಗುರುತು ಹಾಕಿಟ್ಟುಕೊಂಡಿದ್ದಾರೆ. ಭಲೇ ಹೆಂಗಸು. ಅದಾದ ಮೇಲೆ ಒಂದು ಚಮಚ ಸಾಸ್.

"ಕಣ್ಣು ಮುಚ್ಚು. ಮೊದಲು ಏನು ಬಂತು?"

"ಸಿಹಿ."

"ಅದರ ಹಿಂದೆ?"

"ಹುಳಿ... ಆಮೇಲೆ ಲವಂಗ."

"ನುಂಗಿದ್ಮೇಲೆ ಏನು ಉಳೀತು? ಅದು ಮುಖ್ಯ. ಬಾಯಲ್ಲಿರೋವಾಗ ಎಲ್ಲ ಚೆನ್ನಾಗಿರುತ್ತೆ. ನುಂಗಿದ್ಮೇಲೆ ಇನ್ನೊಂದು ಬೇಕು ಅನ್ನಿಸ್ಬೇಕು, ನೀರು ಬೇಕು ಅನ್ನಿಸ್ಬಾರದು."

ಇವರು ಬಂದು ಇದೇನು ಅಂತ ಕೇಳಿದರು. "ನಿನ್ನ ಹೆಂಡತಿಗೆ ಗಂಟಲು ಕಟ್ಟಿದೆ, ಉಪ್ಪುನೀರು ಕುಡಿಸ್ತಿದ್ದೀನಿ" ಅಂದರು ಅತ್ತೆ. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

ಇವತ್ತು ಎಲ್ಲ ಲೋಟವನ್ನೂ ಸರಿಯಾಗಿ ಜೋಡಿಸಿದೆ! ಅಡಿ ಎತ್ತಿ ಎತ್ತಿ ನೋಡಿದರು. ಒಂದೂ ತಪ್ಪಿಲ್ಲ. ಹೊಗಳಲಿಲ್ಲ. ನೀರು ಚೆಲ್ಲಿ, "ನಾಳೆ ಸಕ್ಕರೆ" ಅಂದರು. ನನಗೆ ಅಷ್ಟೇ ಸಾಕಾಗಿತ್ತು. ನನ್ನ ಮೇಲೆ ನನಗೇ ಹೆಮ್ಮೆ, ಬರೆಯಲು ನಾಚಿಕೆಯೂ ಇಲ್ಲ.

ಫೆಬ್ರವರಿ 20, ಶುಕ್ರವಾರ

ಫಜೀತಿ. ಡಿಪೋ ಕ್ಯಾಂಟೀನಿನ ಮ್ಯಾನೇಜರ್ ಮನೆಗೇ ಬಂದಿದ್ದರು. ಹೊಸಬರು, ಒಳ್ಳೆಯ ಮನುಷ್ಯ, ಕುರ್ಚಿಯ ತುದಿಯಲ್ಲಿ ಕೂತು ಮಾತಾಡುತ್ತಾರೆ. ಬಾಟಲಿ ಸಾಸ್ ತರಿಸುವುದನ್ನು ನಿಲ್ಲಿಸುತ್ತಾರಂತೆ. ಚೀಫಮ್ಮನ ಕಾಲದ ಕೆಂಪು ಸಾಸ್ ಮತ್ತೆ ಕ್ಯಾಂಟೀನಿನಲ್ಲೇ ಮಾಡಬೇಕು ಅಂತ ಹಳಬರೆಲ್ಲ ಹಠ ಹಿಡಿದಿದ್ದಾರಂತೆ.

"ಮಾಡೋದನ್ನ ನಮ್ಮವರು ಮಾಡ್ತಾರೆ ಅಮ್ಮ. ನೀವು ಬಂದು ನಿಂತ್ಕೊಂಡು, ರುಚಿ ನೋಡಿ, ಹೂಂ ಅಂದ್ರೆ ಸಾಕು. ನೀವು ಹೂಂ ಅನ್ನದೆ ನಾವು ಬಡಿಸಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಬರ್ತೀನಿ" ಅಂದರು.

ಮ್ಯಾನೇಜರ್ ಹೋದ ಮೇಲೆ ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು.

"ಆಗಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ ಕಣೇ. ಅಷ್ಟು ವರ್ಷ ಆದ್ಮೇಲೂ ನೆನಪಿಟ್ಕೊಂಡು ಬಂದಿದ್ದಾರೆ. ಇಲ್ಲ ಅಂತ ಹೇಗೆ ಹೇಳ್ಲಿ?"

ಹೋಗದಿದ್ದರೆ ಗುಟ್ಟು ಬಯಲು. ಹೋಗಿ ಏನೋ ಒಂದು ಹೇಳಿ ಅದು ತಪ್ಪಾದರೆ, ಅಷ್ಟು ವರ್ಷದ ಹೆಸರು ಒಂದು ತಟ್ಟೆಯಲ್ಲಿ ಮಣ್ಣುಪಾಲು.

ಮಾರ್ಚ್ 1, ಭಾನುವಾರ

ಉಪಾಯ ನಂದು. ಬರೆದಿಡುತ್ತೇನೆ, ಬುದ್ಧಿವಂತಿಕೆ ದಾಖಲಾಗಲಿ.

ಬರುವ ಶನಿವಾರ ಕ್ಯಾಂಟೀನಿಗೆ ನಾನು ಸಹಾಯಕ್ಕೆ ಅಂತ ಜೊತೆಗೆ ಹೋಗುವುದು. ಮೊದಲು ನಾನು ಒಂದು ಚಮಚ ನೋಡುವುದು. ಆಮೇಲೆ ಅತ್ತೆ ಚಮಚ ಬಾಯಿಗಿಟ್ಟು ಯೋಚಿಸುವಂತೆ ನಟಿಸುತ್ತಾ ನನ್ನ ಕಡೆ ಓರೆಗಣ್ಣು ಬಿಡುವುದು. ನಾನು ಕನ್ನಡಕ ಮೇಲೆ ತಳ್ಳಿದರೆ ಉಪ್ಪು ಸಾಲದು. ಕೆಳಗಿಳಿಸಿದರೆ ಹುಳಿ ಸಾಲದು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರೆ — ಹದ.

ಅಭ್ಯಾಸ ಮಾಡಿದೆವು. ಇವರು ನಡುಮನೆಯಲ್ಲಿ ಕೂತು, "ಏನೇ, ಕನ್ನಡಕದ ಅಂಗಡಿಯವಳು ನೀನು, ನಿನ್ನ ಕನ್ನಡಕವೇ ನಿಲ್ತಿಲ್ವಾ?" ಅಂದರು. ಫ್ರೇಮ್ ಸಡಿಲ ಅಂದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಎಷ್ಟು ದಿನದ ಮೇಲೆ ಹಾಗೆ ನಕ್ಕರು!

ಮಾರ್ಚ್ 7, ಶನಿವಾರ, ಬೆಳಗ್ಗೆ 5.30

ಸ್ನಾನ ಆಯಿತು. ಅತ್ತೆ ಇಸ್ತ್ರಿ ಹಾಕಿದ ಸೀರೆ ಉಟ್ಟು ಆಗಲೇ ಬಾಗಿಲ ಬಳಿ ನಿಂತಿದ್ದಾರೆ. ಮುಖ ಬಿಳಚಿಕೊಂಡಿದೆ. ಇವರು ಬರುತ್ತೇನೆ ಅಂದರು. ಇಬ್ಬರೂ ಒಟ್ಟಿಗೆ ಬೇಡ ಅಂದೆವು.

ಅದೇ ದಿನ, ಸಂಜೆ

ಎಲ್ಲಿಂದ ಶುರು ಮಾಡಲಿ.

ಕ್ಯಾಂಟೀನ್ ದೊಡ್ಡದು, ಚಾವಣಿ ತಗಡಿನದು. ಕಿಟಕಿಯ ಆಚೆ ಸಾಲಾಗಿ ಬಸ್ಸು. ಅಡುಗೆಯ ಕಡೆ ನಾನು ಕೂತರೂ ಮುಳುಗುವಷ್ಟು ದೊಡ್ಡ ಹಂಡೆ, ಅದರ ತುಂಬ ಕೆಂಪು ಸಾಸ್ ಗುಳುಗುಳು ಅನ್ನುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತೇ, "ಉರಿ ಹೆಚ್ಚಾಯ್ತು" ಅಂದರು. ಅಡುಗೆಯವರು ತಕ್ಷಣ ಇಳಿಸಿದರು. ಕಿವಿ ಇನ್ನೂ ಚೀಫಮ್ಮಂದೇ.

ಕೌಂಟರಿನ ಆಚೆ ಶಿಫ್ಟ್ ಮುಗಿಸಿದ ಡ್ರೈವರುಗಳು, ಕೈಯಲ್ಲಿ ತಟ್ಟೆ. ಹಳಬರು ಅತ್ತೆಯನ್ನು ಕಂಡು ಎದ್ದು ನಿಂತರು. ಒಬ್ಬ ಬೆಳ್ಳಿ ಮೀಸೆಯ ಮೆಕ್ಯಾನಿಕ್ ಗ್ರೀಸು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ನಗುತ್ತಿದ್ದರು. "ಕೈ ತೊಳೆಯದೆ ಬಂದ್ರೆ ಚೀಫಮ್ಮ ಊಟ ಕೊಡ್ತಿರ್ಲಿಲ್ಲ" ಅಂತ ಪಕ್ಕದವರಿಗೆ ಹೇಳುತ್ತಿದ್ದರು. ಅತ್ತೆ ಬೆನ್ನು ನೇರ ಮಾಡಿದರು. ಈ ಹೆಂಗಸು ಇಷ್ಟು ಎತ್ತರ ಅಂತ ನನಗೆ ಗೊತ್ತೇ ಇರಲಿಲ್ಲ.

ತಟ್ಟೆಯ ಮೇಲೆ ಹನಿ ಹಾಕಿ ನೋಡಿದರು. ಸುತ್ತ ನೀರಿಲ್ಲ. ಬಣ್ಣ ಸರಿ. ಮ್ಯಾನೇಜರ್ ಎರಡು ಚಮಚ ತಂದರು. ನಾನು ಹಂಡೆಯ ಮೇಲೆ ಬಗ್ಗಿ ತೆಗೆದುಕೊಂಡೆ. ಬಾಯಿಗಿಟ್ಟೆ. ಮೊದಲು ಸಿಹಿ. ಉಪ್ಪು ಸರಿ. ಹುಳಿ... ಹುಳಿ ಎಲ್ಲಿ? ಹಿಂದೆಯೂ ಬರಲಿಲ್ಲ. ನುಂಗಿದ ಮೇಲೆ ಬಾಯಿ ಮಂಕಾಯಿತು. ವಿನೆಗರ್ ಸಾಲದು, ಖಂಡಿತ ಸಾಲದು.

ಕನ್ನಡಕ ಕೆಳಗಿಳಿಸಬೇಕು. ಆದರೆ ಹಂಡೆಯ ಆವಿ ನೇರ ಮುಖಕ್ಕೆ ಬಡಿದು ಗಾಜೆಲ್ಲ ಮಬ್ಬು! ಏನೂ ಕಾಣಿಸುತ್ತಿಲ್ಲ, ಅತ್ತೆ ಎಲ್ಲಿ ನಿಂತಿದ್ದಾರೆ ಅಂತಲೂ ತಿಳಿಯದು. ಏನು ಮಾಡುತ್ತಿದ್ದೇನೆ ಅನ್ನುವ ಪರಿವೆಯೇ ಇಲ್ಲದೆ, ದಿನಾ ಅಂಗಡಿಯಲ್ಲಿ ನೂರು ಸಲ ಮಾಡುವ ಹಾಗೆ, ಕನ್ನಡಕ ತೆಗೆದೆ. ಸೆರಗಿನಲ್ಲಿ ಒರೆಸಿದೆ.

"ಹದವಾಗಿದೆ!" ಅಂದರು ಅತ್ತೆ, ಚಮಚ ಬಾಯಿಂದ ತೆಗೆದು. ಗಟ್ಟಿ ದನಿಯಲ್ಲಿ. ಇಡೀ ಕ್ಯಾಂಟೀನಿಗೆ ಕೇಳುವ ಹಾಗೆ.

ಚಪ್ಪಾಳೆ. ಅಡುಗೆಯವರು ಸೌಟು ಎತ್ತಿಕೊಂಡರು. ಮೊದಲ ತಟ್ಟೆ ಕೌಂಟರಿಗೆ ಬಂತು.

ಕನ್ನಡಕದ ಅಂಗಡಿಯವಳಿಗೆ ಆವಿ ನೆನಪಾಗಲಿಲ್ಲ. ಲೋಕದಲ್ಲಿ ಇಂಥ ದಡ್ಡಿ ಇನ್ನೊಬ್ಬಳಿದ್ದರೆ ತೋರಿಸಲಿ. ನಾನು ಕನ್ನಡಕ ಹಾಕಿಕೊಂಡು ಗಾಬರಿಯಿಂದ ಅದನ್ನು ಕೆಳಗಿಳಿಸಿದೆ, ಮತ್ತೆ ಇಳಿಸಿದೆ, ಮೂಗಿನ ತುದಿಗೆ ಬಂತು. ಅತ್ತೆ ಕನ್ನಡಕ ನೋಡಲಿಲ್ಲ. ನನ್ನ ಮುಖ ನೋಡಿದರು.

ಅವರ ಕಣ್ಣಲ್ಲಿ ಎಲ್ಲ ತಿಳಿದದ್ದು ನನಗೆ ಕಂಡಿತು. ಸುಮ್ಮನಿರಬಹುದಿತ್ತು. ಜನ ತಿಂದು, ಹಿಂದಿನ ಹಾಗಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡು, ಗೌರವಕ್ಕೆ ಚೆನ್ನಾಗಿದೆ ಅನ್ನುತ್ತಿದ್ದರು. ನಾನಾದರೆ ಸುಮ್ಮನಿರುತ್ತಿದ್ದೆ. ನಿಜ ಹೇಳಬೇಕೆಂದರೆ, ಸುಮ್ಮನಿರಲಿ ಅಂತಲೇ ಒಳಗೊಳಗೆ ಬೇಡಿಕೊಂಡೆ.

"ತಡೀರಿ" ಅಂದರು. "ಆ ತಟ್ಟೆ ವಾಪಸ್ ತಗೊಳ್ಳಿ."

ಅಡುಗೆಯವರ ಸೌಟು ಅರ್ಧದಲ್ಲೇ ನಿಂತಿತು.

"ನಾನು ಹೇಳಿದ್ದು ತಪ್ಪು. ನನ್ನ ನಾಲಿಗೆ ಹೋಗಿದೆ. ನೆಗಡಿ ಬಂದು ಹೋಯ್ತು. ನನಗೆ ಉಪ್ಪೂ ತಿಳಿಯಲ್ಲ, ಹುಳಿಯೂ ತಿಳಿಯಲ್ಲ. ನಿಮಗೆ ಹೇಳೋಕೆ ನಾಚಿಕೆ ಆಯ್ತು, ಅದಕ್ಕೆ ನಾಟಕ ಆಡಿದೆ. ಇಲ್ಲಿ ಒಂದು ತಟ್ಟೆ ತಪ್ಪಾಗಿ ಆಚೆ ಹೋಗಿಲ್ಲ ನನ್ನ ಕಾಲದಲ್ಲಿ. ಇವತ್ತೂ ಹೋಗಲ್ಲ."

ನನ್ನ ತೋಳು ಹಿಡಿದು ಮುಂದಕ್ಕೆ ಎಳೆದರು.

"ಇವಳು ನನ್ನ ಸೊಸೆ. ಸಾಸು, ಸಾಸಿವೆ, ವಿನೆಗರ್, ಮನೇಲಿ ಎಲ್ಲ ಇವಳೇ ಮಾಡೋದು. ಇವಳಿಗೆ ರುಚಿ ಗೊತ್ತು. ಇವಳು ಹೂಂ ಅಂದ್ರೆ ನಾನು ಹೂಂ ಅಂದ ಹಾಗೆ. ಹೇಳು, ಏನು ಸಾಲದು?"

ಇಡೀ ಡಿಪೋ ನನ್ನನ್ನು ನೋಡುತ್ತಿತ್ತು. ಬಾಯಿ ಒಣಗಿತು. ಆದರೆ ನಾಲಿಗೆಗೆ ಗೊತ್ತಿತ್ತು.

"ಹುಳಿ ಸಾಲದು. ವಿನೆಗರ್ ಹಾಕಿ. ಒಟ್ಟಿಗೆ ಬೇಡ, ಸ್ವಲ್ಪ ಸ್ವಲ್ಪ, ನಾನು ಸಾಕು ಅನ್ನೋವರೆಗೆ."

ಹಾಕಿದರು. ಕಲಕಿದರು. ನೋಡಿದೆ. ಇನ್ನಷ್ಟು ಅಂದೆ. ಮತ್ತೆ ನೋಡಿದೆ. ಮೊದಲು ಸಿಹಿ, ಹಿಂದೆಯೇ ಹುಳಿ ಎದ್ದು ಬಂತು, ಕೊನೆಯಲ್ಲಿ ಲವಂಗ ಸದ್ದಿಲ್ಲದೆ. ನುಂಗಿದ ಮೇಲೆ — ಇನ್ನೊಂದು ಬೇಕು. "ಸಾಕು" ಅಂದೆ. ಅತ್ತೆ ನನ್ನ ಮುಖ ನೋಡಲೂ ಇಲ್ಲ. ನೇರ ಅಡುಗೆಯವರಿಗೆ, "ಬಡಿಸಿ" ಅಂದರು.

ಮೊದಲ ತಟ್ಟೆ ಆ ಬೆಳ್ಳಿ ಮೀಸೆಯವರಿಗೆ. ತಿಂದರು. ತಟ್ಟೆ ಮತ್ತೆ ಮುಂದಕ್ಕೆ ಚಾಚಿದರು. ಆಮೇಲೆ ಅತ್ತೆಯ ಹತ್ತಿರ ಬಂದು, "ಚೀಫಮ್ಮ, ನನಗೆ ಎಡಗಿವಿ ಕೇಳಿಸದೆ ನಾಲ್ಕು ವರ್ಷ ಆಯ್ತು. ಎಂಜಿನ್ ಸದ್ದು ಕೇಳಿ ಹೇಳೋಕೆ ಮಗಳನ್ನ ಕರ್ಕೊಂಡು ಬರ್ತೀನಿ. ಯಾರಿಗೂ ಹೇಳಿಲ್ಲ" ಅಂದರು. ಹೇಳಿದ್ದು ಎಷ್ಟು ಜೋರಾಗಿ ಅಂದರೆ ಡಿಪೋ ಪೂರ್ತಿ ಕೇಳಿಸಿಕೊಂಡಿತು. ಎಲ್ಲರೂ ನಕ್ಕರು. ಅತ್ತೆ ಅತ್ತರು, ಅದೇ ಹೊತ್ತಿಗೆ ನಕ್ಕರು ಕೂಡ.

ವಾಪಸ್ ಬರುವಾಗ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಲು ಕಂಡಕ್ಟರ್ ಬಿಡಲಿಲ್ಲ. ಅತ್ತೆ ಬೈದು ಟಿಕೆಟ್ ತೆಗೆದುಕೊಂಡರು. ಕಿಟಕಿಯ ಪಕ್ಕ ಕೂತರು.

"ನಾನು ಮೊದಲ ಸಲ ಅಲ್ಲಿ ನಿಂತು ಹೇಳಿದಾಗ ನನ್ನ ಕಾಲು ನಡುಗ್ತಿತ್ತು. ನಿಂದು ನಡುಗಲಿಲ್ಲ" ಅಂದರು.

ನಡುಗಿತ್ತು. ಹೇಳಲಿಲ್ಲ.

ಇನ್ನೆರಡು ಸ್ಟಾಪ್ ಆದ ಮೇಲೆ, "ನಾಲಿಗೆ ಇದ್ದಾಗ ನಿನಗೆ ಒಂದು ಒಳ್ಳೇ ಮಾತು ಹೇಳ್ಲಿಲ್ಲ. ಈಗ ನೀನು ಮಾಡೋದು ನಿಜವಾಗ್ಲೂ ಚೆನ್ನಾಗಿರುತ್ತೆ, ನನಗೆ ತಿಳಿಯಲ್ಲ. ಒಂದೇ ಒಂದು ಸಲ ರುಚಿ ನೋಡ್ಬೇಕಿತ್ತು ಕಣೇ" ಅಂದರು.

ಅವರ ಕೈ ಹಿಡಿದುಕೊಂಡೆ. ಸ್ಟಾಪ್ ಬಂದರೂ ಇಬ್ಬರಿಗೂ ತಿಳಿಯಲಿಲ್ಲ. ಮುಂದಿನದರಲ್ಲಿ ಇಳಿದು ನಡೆದು ಬಂದೆವು.

ಮಾರ್ಚ್ 8, ಭಾನುವಾರ, ಬೆಳಗ್ಗೆ 8

ಇವರಿಗೆ ರಾತ್ರಿ ಊಟದ ಹೊತ್ತಿಗೆ ಅತ್ತೆಯೇ ಹೇಳಿದರು. ಇವರು ಮುಖ ಊದಿಸಿಕೊಂಡಿದ್ದಾರೆ. "ನನಗೊಬ್ಬನಿಗೆ ಗಂಟಲು ನೋವಿನ ಕಥೆ" ಅಂತ ಗೊಣಗುತ್ತಿದ್ದಾರೆ. ಆದರೆ ಬೆಳಗ್ಗೆ ಅಮ್ಮನಿಗೆ ಕಾಫಿ ತಾವೇ ಮಾಡಿ ಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು. ಅತ್ತೆ ಪೂರ್ತಿ ಕುಡಿದರು. "ಚೆನ್ನಾಗಿದೆ ಮಗನೇ" ಅಂದರಂತೆ. ಆಮೇಲೆ ನಾನು ಕುಡಿದು ಹೇಳಿದ ಮೇಲೆ ಮೂವರೂ ನಕ್ಕೆವು.

ಮ್ಯಾನೇಜರ್ ಫೋನ್ ಮಾಡಿದ್ದರು. ಮುಂದಿನ ಶನಿವಾರ ಸಾಸಿವೆ ಪೇಸ್ಟ್ ಮಾಡಬೇಕಂತೆ, ಯಾರು ಬರುತ್ತೀರಿ ಅಂತ. ಅತ್ತೆ, "ಯಾರು ಅಂದ್ರೇನು? ಇಬ್ರೂ ಬರ್ತೀವಿ. ಕಿವಿ ನಂದು, ನಾಲಿಗೆ ಅವಳದು" ಅಂದರು. ಫೋನಿಟ್ಟು ನನ್ನ ಕಡೆ ನೋಡದೆ ಅಡುಗೆಮನೆಗೆ ಹೋದರು.

ಈಗ ಅಲ್ಲಿಂದ ಏನೋ ಕುದಿಯುವ ಸದ್ದು. ದ್ರಾಕ್ಷಿ ಜಾಮ್ ಇರಬೇಕು, ನಿನ್ನೆ ಇವರು ಹಣ್ಣು ತಂದಿದ್ದರು. ವಾಸನೆ ಇಲ್ಲಿಯವರೆಗೆ ಬರುತ್ತಿದೆ.

ಕೂಗುತ್ತಿದ್ದಾರೆ.

"ಎಲ್ಲಿದ್ದೀಯ? ಬಂದು ಬಾಯಿಗೆ ಹಾಕಿ ನೋಡು. ನೀನು ಹೇಳದೆ ಒಲೆ ಹೇಗೆ ಆರಿಸ್ಲಿ?"

ಚೀಫಮ್ಮ ಕೇಳುತ್ತಿದ್ದಾರೆ. ನನ್ನನ್ನು. ಜೋರಾಗಿ, ಮೇಲಿನ ಮನೆ ಟೀಚರಿಗೂ ಕೇಳಿಸುವ ಹಾಗೆ. ಬರೆಯುವುದು ಇನ್ನೂ ಇದೆ ಅಂತ ನಟಿಸುತ್ತೇನೆ. ಇನ್ನೊಂದೇ ಒಂದು ಸಲ ಕೂಗಲಿ, ಏಳುತ್ತೇ—